ಗೇಟ್‌ವೇಗೆ ಟ್ಯಾಕ್ಸಿ ಹತ್ಬೇಡಿ ಮಾರಾಯ್ರೆ

ಮುಂಬಯಿ ಬಗ್ಗೆ ನೀವು ಕೇಳಿ, ಗೊತ್ತಿದ್ದಷ್ಟು ನಾನು ಹೇಳ್ತೀನಿ ಅಂತ ಶುರುವಾದ ಅಂಕಣ ಇದು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಫೋರ್ಟ್ ಏರಿಯಾ ನೋಡೋದು ಹೇಗೆ ಅಂತ. ಮಕ್ಕಳ ರಜೆ ಹತ್ರ ಬಂತಲ್ಲ, ಅದಕ್ಕೆ ಇರ್ಬೇಕು. ಮೂವತ್ತೊಂದು ವರ್ಷ ಫೋರ್ಟಲ್ಲೇ ಒಂದು ಬ್ಯಾಂಕಲ್ಲಿ ಲೆಡ್ಜರ್ ಬರೆದವನು ನಾನು, ಡೊಂಬಿವಿಲಿಯಿಂದ ದಿನಾ ಲೋಕಲಲ್ಲಿ ನೇತಾಡ್ಕೊಂಡು ಬಂದು ವಿಟಿಯಲ್ಲಿ (ಈಗಿನ ಸಿಎಸ್‌ಎಂಟಿ ಸ್ಟೇಷನ್) ಇಳಿದು ಆಫೀಸಿಗೆ ನಡೆದವನು, ಹಾಗಾಗಿ ಈ ಸಬ್ಜೆಕ್ಟಲ್ಲಿ ಮಾತು ಸ್ವಲ್ಪ ಜಾಸ್ತಿ ಆದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಪ್ರಶ್ನೆ: ನಮಸ್ಕಾರ ಸರ್. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗ, ಜೊತೆಗೆ 68 ವರ್ಷದ ಅಮ್ಮ. ಬೆಳಿಗ್ಗೆ ವಿಟಿಯಲ್ಲಿ ಇಳೀತೀವಿ, ರಾತ್ರಿ ಅಲ್ಲಿಂದಲೇ ವಾಪಸ್. ಗೇಟ್‌ವೇ, ತಾಜ್, ಜುಹು ಬೀಚು, ಸಿದ್ಧಿವಿನಾಯಕ, ಹಾಜಿ ಅಲಿ ಎಲ್ಲಾ ಒಂದೇ ದಿನಕ್ಕೆ ಆಗುತ್ತಾ? ದಿನಕ್ಕೊಂದು ಟ್ಯಾಕ್ಸಿ ಮಾತಾಡ್ಕೊಂಡ್ರೆ ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತೆ, ಟ್ರಾಫಿಕ್ ಸಿಗ್ನಲ್ ನೋಡೋಕೇ ಬರ್ತಿದ್ದೀರಿ ಅಂದ್ರೆ ಧಾರಾಳವಾಗಿ ಆಗುತ್ತೆ. ನನ್ನ ಕೇಳಿದ್ರೆ ಜುಹು, ಸಿದ್ಧಿವಿನಾಯಕ ಎಲ್ಲಾ ಇನ್ನೊಂದು ಸಲಕ್ಕೆ ಇಟ್ಕೊಳ್ಳಿ, ಈ ಸಲ ವಿಟಿಯಿಂದ ಗೇಟ್‌ವೇ ತನಕ ನಡೀರಿ, ಅಷ್ಟೇ. ನೇರ ಹೋದ್ರೆ ಎರಡೂವರೆ ಕಿಲೋಮೀಟರ್ ಒಳಗೆ. ಟ್ಯಾಕ್ಸಿ ಹತ್ತಿದ್ರೆ ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ನೋಡಬೇಕಾದ್ದೆಲ್ಲಾ ಕಿಟಕಿ ಆಚೆ ಓಡಿ ಹೋಗಿರುತ್ತೆ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. 1989ರಲ್ಲಿ ನಮ್ಮಪ್ಪ ಕುಂದಾಪುರದಿಂದ ಮೊದಲ ಸಲ ಬಂದಿದ್ರು, ಅವರು ಕಲ್ಲು ಕಟ್ಟೋ ಮೇಸ್ತ್ರಿ, ನನಗೋ ಬ್ಯಾಂಕ್ ಕೆಲಸ ಸಿಕ್ಕಿದ ಹೊಸತು, ಸ್ವಲ್ಪ ದೌಲತ್ತು ತೋರಿಸೋಣ ಅಂತ ವಿಟಿಯಲ್ಲೇ ಟ್ಯಾಕ್ಸಿ ಹತ್ತಿಸಿದೆ, ಆ ಪುಣ್ಯಾತ್ಮ ನಮ್ಮ ಮುಖ ನೋಡಿದವನೇ ಮರೀನ್ ಡ್ರೈವ್ ಎಲ್ಲಾ ಸುತ್ತಿಸಿ ಗೇಟ್‌ವೇ ಮುಂದೆ ಇಳಿಸಿದ. ಅಪ್ಪ ಇಳಿದು ಮೇಲೆ ಕೆಳಗೆ ನೋಡಿದ್ರು, ಎಲೆ ಅಡಿಕೆ ಒಂದು ಬದಿಗೆ ಸರಿಸಿ, "ಬಾಗ್ಲೇ ಇಲ್ಯಲ, ಇದೆಂಥ ಗೇಟಾ?" ಅಂದ್ರು. ಅಷ್ಟೇ, ಮುಂಬಯಿ ಮುಗೀತು. ಮರುದಿನ ಭಾನುವಾರ ಅದೇ ಅಪ್ಪನನ್ನ ವಿಟಿಯಿಂದ ನಡೆಸ್ಕೊಂಡು ಹೊರಟೆ, ಮೊದಲ ಇನ್ನೂರು ಹೆಜ್ಜೆ ದಾಟೋಕೇ ಒಂದು ಗಂಟೆ ಆಯ್ತು. ಒಂದೊಂದು ಕಂಬಕ್ಕೂ ಕೈ ಇಟ್ಟು ಸವರಿ ನೋಡ್ತಿದ್ರು.

ಸರಿ, ದಾರಿ ಹೇಳ್ತೀನಿ. ಮೊದಲು ಲಗೇಜು ವಿಟಿಯ ಕ್ಲೋಕ್ ರೂಮಲ್ಲಿ ಹಾಕಿ, ಬ್ಯಾಗಿಗೆ ಬೀಗ ಇರ್ಲೇಬೇಕು, ಟಿಕೆಟ್ ಕೇಳ್ತಾರೆ. ಆಮೇಲೆ ಹೊರಗೆ ಓಡ್ಬೇಡಿ, ಲೋಕಲ್ ಟಿಕೆಟ್ ಕೊಡೋ ಹಾಲ್ ಇದೆಯಲ್ಲ, ಅಲ್ಲಿ ಒಂದು ನಿಮಿಷ ನಿಂತು ತಲೆ ಎತ್ತಿ ಚಾವಣಿ ನೋಡಿ. ಸ್ಟಾರ್ ಚೇಂಬರ್ ಅಂತ ಅದರ ಹೆಸರು. ದಿನಾ ಲಕ್ಷಗಟ್ಟಲೆ ಜನ ಅದರ ಕೆಳಗೆ ಓಡ್ತಾರೆ, ಕತ್ತು ಎತ್ತೋರು ಯಾರೂ ಇಲ್ಲ, ನಾನೂ ಎಷ್ಟೋ ವರ್ಷ ಎತ್ತಿರ್ಲಿಲ್ಲ ಬಿಡಿ. ಕಟ್ಟಡ ಶುರುವಾದದ್ದು 1878ರಲ್ಲಿ, ಡಿಸೈನ್ ಎಫ್. ಡಬ್ಲ್ಯೂ. ಸ್ಟೀವನ್ಸ್ ಅನ್ನೋರದ್ದು, ಹತ್ತು ವರ್ಷ ಹಿಡೀತು. ಕಲ್ಲಿನ ಮೇಲಿನ ಹೂವು ಎಲೆ ಪ್ರಾಣಿ ಪಕ್ಷಿ ಕೆತ್ತನೆಯಲ್ಲಿ ಜೆ. ಜೆ. ಸ್ಕೂಲ್ ಆಫ್ ಆರ್ಟಿನ ಹುಡುಗರ ಕೈ ಇದೆ. 2004ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು.

ಹೊರಗೆ ಬಂದ್ಮೇಲೆ ರಸ್ತೆ ಮೇಲಿಂದ ದಾಟೋ ಸಾಹಸ ಬೇಡ, ಅಮ್ಮ ಇದ್ದಾರೆ, ಸಬ್‌ವೇ ಇಳೀರಿ. ಕೆಳಗೆ ಮೊಬೈಲ್ ಕವರು, ಬೆಲ್ಟು, ಚಾರ್ಜರು ಮಾರೋರ ಸಂತೆ, ಮೆಟ್ಟಿಲು ನಾಲ್ಕೂ ಕಡೆಗೆ ಇರೋದ್ರಿಂದ ಎಲ್ಲಿ ಹತ್ತಿದ್ರೆ ಎಲ್ಲಿ ಏಳ್ತೀರಿ ಅನ್ನೋದು ದೇವರಿಗೇ ಗೊತ್ತು. ಬಿಎಂಸಿ (ಮುಂಬಯಿ ಮಹಾನಗರ ಪಾಲಿಕೆ) ಕಟ್ಟಡದ ಕಡೆ ಹತ್ತಿ ತಿರುಗಿ ನೋಡಿದ್ರೆ ಇಡೀ ವಿಟಿ ಕಾಣುತ್ತೆ. ಮಗನಿಗೆ ಎರಡು ಕೆಲಸ ಕೊಡಿ, ಗೇಟಿನ ಕಂಬಗಳ ಮೇಲಿರೋ ಸಿಂಹ, ಹುಲಿ ಹುಡುಕೋದು (ಸಿಂಹ ಇಂಗ್ಲೆಂಡು, ಹುಲಿ ನಾವು), ಆಮೇಲೆ ಗುಮ್ಮಟದ ತುದೀಲಿ ಒಬ್ಬ ಹೆಂಗಸು ನಿಂತಿದ್ದಾಳಲ್ಲ, ಅವಳ ಕೈಯಲ್ಲಿ ಏನಿದೆ ಹೇಳೋದು. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಚಕ್ರ. ನಿಮ್ಮ ಬೆನ್ನ ಹಿಂದಿರೋ ಬಿಎಂಸಿ ಕಟ್ಟಡ ಕೂಡ ಅದೇ ಸ್ಟೀವನ್ಸ್ ಕಟ್ಟಿಸಿದ್ದು, 1893ರಲ್ಲಿ ಮುಗೀತು.

ಅಲ್ಲಿಂದ ಡಿ. ಎನ್. ರೋಡ್ ಹಿಡೀರಿ. ಇದರ ಮಜಾ ಏನಂದ್ರೆ ಕಟ್ಟಡಗಳ ಕೆಳ ಮಹಡಿಯಲ್ಲಿ ಉದ್ದಕ್ಕೂ ಕಮಾನಿನ ಜಗಲಿ, ಒಂದು ಕಟ್ಟಡದ್ದು ಮುಗಿದ ತಕ್ಷಣ ಇನ್ನೊಂದರದ್ದು, ಹಾಗಾಗಿ ಬಿಸಿಲೂ ಇಲ್ಲ ಮಳೆಯೂ ಇಲ್ಲ, ಅಮ್ಮನಿಗೆ ಆರಾಮ. ನಮ್ಮೂರ ಮನೆ ಜಗಲಿ ತರ, ವ್ಯತ್ಯಾಸ ಇಷ್ಟೇ, ಇಲ್ಲಿ ಕೂತ್ಕೊಳ್ಳೋಕೆ ಜಾಗ ಇರೋ ಕಡೆಯೆಲ್ಲಾ ಯಾರೋ ಅಂಗಡಿ ಹಾಕಿರ್ತಾರೆ. ಮುಂದೆ ಫ್ಲೋರಾ ಫೌಂಟನ್, 1864ರದ್ದು. ಅದರ ಪಕ್ಕದಲ್ಲೇ ಹುತಾತ್ಮ ಸ್ಮಾರಕ, ಮುಂಬಯಿ ಸೇರಿದ ಮರಾಠಿ ರಾಜ್ಯ ಬೇಕು ಅಂತ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಜೀವ ಕೊಟ್ಟವರದ್ದು.

ಇಲ್ಲಿ ಎಲ್ಲರೂ ನೇರ ಕಾಲಾ ಘೋಡಾ ಕಡೆ ಹೋಗ್ತಾರೆ, ನೀವು ಎಡಕ್ಕೆ ತಿರುಗಿ. ಸೇಂಟ್ ಥಾಮಸ್ ಕೆಥೆಡ್ರಲ್ ಸಿಗುತ್ತೆ, 1718ರ ಚರ್ಚು. ಒಂದು ಕಾಲದಲ್ಲಿ ಈ ಏರಿಯಾ ನಿಜವಾಗಿಯೂ ಕೋಟೆನೇ, ಸುತ್ತ ಗೋಡೆ, ಮೂರು ಬಾಗಿಲು, ಅದರಲ್ಲಿ ಈ ಚರ್ಚಿನ ದಾರಿಗೆ ತೆರೆಯೋ ಬಾಗಿಲೇ ಚರ್ಚ್‌ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟ್ಲ್ ಫ್ರೇರ್ ಗೋಡೆ ಕೆಡವಿಸಿದ್ರು, ಬಾಗಿಲು ಹೋಯ್ತು, ಹೆಸರು ಮಾತ್ರ ರೈಲ್ವೆ ಸ್ಟೇಷನ್ನಿಗೆ ಉಳೀತು. ಊರಿನ ಮೈಲಿಗಲ್ಲುಗಳ ಲೆಕ್ಕ ಶುರುವಾಗ್ತಿದ್ದದ್ದೂ ಈ ಚರ್ಚಿಂದಲೇ. ಇನ್ನೂ ಸ್ವಲ್ಪ ಮುಂದೆ ಹಾರ್ನಿಮನ್ ಸರ್ಕಲ್, ನಡುವೆ ದುಂಡನೆ ತೋಟ, ಎದುರಿಗೆ ಏಷ್ಯಾಟಿಕ್ ಲೈಬ್ರರಿಯ ಬಿಳಿ ಕಂಬಗಳು. ಅದು 1833ರ ಟೌನ್ ಹಾಲ್. ಈ ಸುತ್ತಮುತ್ತ ಮರದ ಕೆಳಗೆ ನಿಂತು ಶೇರು ವ್ಯಾಪಾರ ಮಾಡ್ತಿದ್ದ ದಲ್ಲಾಳಿಗಳೇ ಆಮೇಲೆ 1875ರಲ್ಲಿ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಿದ್ದು. ಪಕ್ಕದಲ್ಲಿ ಕೆಂಪು ಬಣ್ಣದ ಕಟ್ಟಡ ಕಾಣುತ್ತಲ್ಲ, ಅದು 'ಮುಂಬಯಿ ಸಮಾಚಾರ್' ಗುಜರಾತಿ ಪೇಪರ್ ಆಫೀಸು, 1822ರಿಂದ ಆ ಪೇಪರ್ ಬರ್ತಾನೇ ಇದೆ. ತೋಟದಲ್ಲಿ ಅಮ್ಮನ್ನ ಕೂರಿಸಿ ಅರ್ಧ ಗಂಟೆ ರೆಸ್ಟ್ ಕೊಡಿ. ನಾನು ಮೂವತ್ತೊಂದು ವರ್ಷ ಊಟದ ಡಬ್ಬಿ ಬಿಚ್ಚಿದ್ದು ಇದರ ಆಸುಪಾಸಲ್ಲೇ.

ಊಟಕ್ಕೆ ಫೋರ್ಟಿನ ಯಾವ್ದಾದ್ರೂ ಉಡುಪಿ ಹೋಟೆಲ್ಲಿಗೆ ನುಗ್ಗಿ 'ರೈಸ್ ಪ್ಲೇಟ್' ಅನ್ನಿ, ಇಲ್ಲಿ ಊಟಕ್ಕೆ ಹಾಗೇ ಹೇಳೋದು. ಹನ್ನೆರಡೂವರೆ ಒಳಗೆ ಹೋಗಿ, ಒಂದು ಗಂಟೆಗೆ ಆಫೀಸು ಬಿಟ್ರೆ ನಿಮ್ಮ ತಟ್ಟೆ ಖಾಲಿ ಆಗೋದನ್ನ ಕಾಯ್ತಾ ನಾಲ್ಕು ಜನ ಕುರ್ಚಿ ಹಿಂದೆ ನಿಂತಿರ್ತಾರೆ. ಭಾನುವಾರ ಬಂದ್ರೆ ಫುಟ್‌ಪಾತ್ ಖಾಲಿ, ಆದ್ರೆ ಅರ್ಧ ಹೋಟೆಲ್ ಬಂದ್. ಅಮ್ಮ ಇರೋದ್ರಿಂದ ನನ್ನ ವೋಟು ಭಾನುವಾರಕ್ಕೇ.

ಊಟ ಆದ್ಮೇಲೆ ಕಾಲಾ ಘೋಡಾ, ಮ್ಯೂಸಿಯಮ್ ಮುಂದಿನಿಂದ ರೀಗಲ್ ಥಿಯೇಟರು, ಅಲ್ಲಿಂದ ಗೇಟ್‌ವೇ. ಅಷ್ಟು ಹೊತ್ತಿಗೆ ಸಂಜೆ ಬೆಳಕು ಬಂದಿರುತ್ತೆ. ರಾಜ ಐದನೇ ಜಾರ್ಜ್ 1911ರಲ್ಲಿ ಬಂದ ನೆನಪಿಗೆ ಅಂತ ಶುರು ಮಾಡಿ 1924ಕ್ಕೆ ಮುಗಿಸಿದ್ರು, 1948ರ ಫೆಬ್ರವರಿ 28ಕ್ಕೆ ಕೊನೆಯ ಬ್ರಿಟಿಷ್ ಪಟಾಲಮ್ಮು ಅದೇ ಕಮಾನಿನ ಕೆಳಗಿಂದ ನಡ್ಕೊಂಡು ಹೋಗಿ ಹಡಗು ಹತ್ತಿತು. ವಾಪಸ್ ವಿಟಿಗೆ ಬೇಕಾದ್ರೆ ಟ್ಯಾಕ್ಸಿ ಹತ್ತಿ, ಆಗ ನಾನು ಬೈಯಲ್ಲ. ಆಟೋ ಹುಡುಕ್ತಾ ನಿಲ್ಬೇಡಿ, ಈ ಕಡೆ ಆಟೋಗೆ ಪರ್ಮಿಷನ್ನೇ ಇಲ್ಲ, ಬಾಂದ್ರಾ, ಸಾಯನ್ ದಾಟಿದ ಮೇಲಷ್ಟೇ ಆಟೋ.

ಪ್ರಶ್ನೆ: ಮುಂಬಯಿ ಜಿಪಿಓ (ದೊಡ್ಡ ಪೋಸ್ಟಾಫೀಸು) ನಮ್ಮ ಗೋಳಗುಮ್ಮಟ ನೋಡಿ ಕಟ್ಟಿದ್ದು ಅಂತ ವಾಟ್ಸಾಪಲ್ಲಿ ಬಂದಿದೆ. ನಿಜವೋ ಪುಂಗಿಯೋ?
– ಓದುಗರೊಬ್ಬರು, ವಿಜಯಪುರ

ಉತ್ತರ: ವಾಟ್ಸಾಪಲ್ಲಿ ಬಂದದ್ದೂ ಒಮ್ಮೊಮ್ಮೆ ನಿಜ ಇರುತ್ತೆ ನೋಡಿ! ಹೌದು, ಜಾನ್ ಬೆಗ್ ಅನ್ನೋ ಆರ್ಕಿಟೆಕ್ಟು ಆ ಗುಮ್ಮಟಕ್ಕೆ ನಿಮ್ಮೂರಿನದ್ದನ್ನೇ ಮಾದರಿ ಇಟ್ಕೊಂಡದ್ದು. 1904ರಲ್ಲಿ ಕೆಲಸ ಶುರುವಾಗಿ 1913ರಲ್ಲಿ ಮುಗೀತು. ವಿಟಿ ಪಕ್ಕದಲ್ಲೇ ಇದೆ, ಆದ್ರೆ ವಿಟಿಗೆ ಬಂದವರು ವಿಟಿ ನೋಡಿ ಹೋಗ್ಬಿಡ್ತಾರೆ, ಇದು ಮನೆಯ ಎರಡನೇ ಮಗಳ ಹಾಗೆ, ಯಾರೂ ಕೇಳೋರಿಲ್ಲ. ನಮ್ಮಪ್ಪನ ಕತೆ ಮೇಲೆ ಹೇಳಿದೆನಲ್ಲ, ಅವರಿಗೆ ಅವತ್ತು ಅತೀ ಇಷ್ಟ ಆದದ್ದು ಇದೇ. ಗೋಡೆ ಹತ್ರ ಹೋಗಿ ಉಗುರಲ್ಲಿ ಕೆರೆದು "ಇದು ಒಂದೇ ಊರಿನ ಕಲ್ಲಲ್ಲ" ಅಂದ್ರು. ನಾನು ನಕ್ಕಿದ್ದೆ. ಎಷ್ಟೋ ವರ್ಷ ಆದ್ಮೇಲೆ ಓದಿದಾಗ ಗೊತ್ತಾಯ್ತು, ಗೋಡೆ ಇಲ್ಲಿಯ ಕರಿಕಲ್ಲು, ಹಳದಿ ಪಟ್ಟಿ ಕುರ್ಲಾದ್ದು, ಬಿಳಿಯದ್ದು ಗುಜರಾತಿನ ಧ್ರಾಂಗಧ್ರಾದಿಂದ ತಂದದ್ದು. ಹೇಳೋಣ ಅಂದ್ರೆ ಅಷ್ಟರಲ್ಲಿ ಅಪ್ಪ ಇರ್ಲಿಲ್ಲ.

ಒಳಗೆ ಹೋಗಬಹುದು, ಪೋಸ್ಟಾಫೀಸೇ ತಾನೆ, ನಾಲ್ಕು ಸ್ಟಾಂಪು ತಗೊಳ್ಳೋಕೆ ಹೋದ ಹಾಗೆ ಹೋಗಿ. ಗುಮ್ಮಟದ ಸರಿ ಕೆಳಗೆ ದೊಡ್ಡ ಹಾಲ್, ಸುತ್ತ ಕೌಂಟರುಗಳು. ನೆತ್ತಿ ನೋಡ್ತಾ ನಿಂತ್ರೆ ಕೆಳಗೆ ಠಪ್ ಠಪ್ ಅಂತ ಮುದ್ರೆ ಒತ್ತೋ ಸದ್ದು ಮೇಲಕ್ಕೆ ಹೋಗಿ ತಿರುಗಿ ಬರೋ ಹಾಗನಿಸುತ್ತೆ. ಹಾಗಂತ ಕೂಗಿ ಚೆಕ್ ಮಾಡ್ಬೇಡಿ, ನಿಮ್ಮೂರ ಗುಮ್ಮಟದ ಹಾಗೆ ಏಳು ಸಲ ಪ್ರತಿಧ್ವನಿ ಬರಲ್ಲ, ಸೆಕ್ಯುರಿಟಿಯವನು ಒಂದೇ ಸಲಕ್ಕೆ ಬರ್ತಾನೆ. ಗಾತ್ರದಲ್ಲಿ ನಿಮ್ಮದರ ಮುಂದೆ ಇದು ಮೊಮ್ಮಗು ಬಿಡಿ, ಮಹಮ್ಮದ್ ಆದಿಲ್‌ಶಾಹಿಯ ಗುಮ್ಮಟ 1656ರದ್ದು, ಹೊರಗಿನ ಅಗಲವೇ 44 ಮೀಟರ್ ಸುಮಾರು.

ಪ್ರಶ್ನೆ: ಸರ್, ನಾನು ಮೈಸೂರಿನವಳು, ನಾರಿಮನ್ ಪಾಯಿಂಟಲ್ಲಿ ಇಂಟರ್‌ವ್ಯೂ ಇದೆ. ಮಧ್ಯಾಹ್ನ ಎರಡಕ್ಕೆ ಮುಗಿಯುತ್ತೆ, ಟ್ರೈನು ರಾತ್ರಿಗೆ. ಒಬ್ಬಳೇ ಸುತ್ತಾಡಬಹುದಾ? ಅಪ್ಪ ಅಮ್ಮ ಸ್ಟೇಷನ್ ಬಿಟ್ಟು ಕದಲಬೇಡ ಅಂತಿದ್ದಾರೆ.

ಉತ್ತರ: ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ಧೈರ್ಯವಾಗಿ ಸುತ್ತಾಡಮ್ಮ. ಎರಡು ಗಂಟೆಗೆ ಮರೀನ್ ಡ್ರೈವಲ್ಲಿ ಬಿಸಿಲು ಸುಡ್ತಿರುತ್ತೆ, ಅದನ್ನ ಸಂಜೆಗೆ ಇಟ್ಕೊ, ಮೊದಲು ಓವಲ್ ಮೈದಾನ. ಇಂಟರ್‌ವ್ಯೂ ಜಾಗದಿಂದ ನಡ್ಕೊಂಡೇ ಹೋಗಬಹುದು. ಮೈದಾನದ ಮಧ್ಯೆ ಅಡ್ಡಕ್ಕೆ ಒಂದು ಕಾಲುದಾರಿ ಇದೆ, ಎರಡೂ ಪಕ್ಕ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ, ಒಂದೇ ಮೈದಾನದಲ್ಲಿ ಎಷ್ಟು ಮ್ಯಾಚು ಅಂತ ಲೆಕ್ಕ ಸಿಗಲ್ಲ, ಬಾಲ್ ಬಂದ್ರೆ ತಲೆ ಉಳಿಸ್ಕೊ. ಆ ದಾರಿಯ ನಡುವೆ ನಿಂತು ಒಂದು ಕಡೆ ನೋಡಿದ್ರೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಟವರು, ಎಲ್ಲಾ ಚೂಪು ಗೋಪುರ, ಕಲ್ಲಿನ ಕುಸುರಿ. ತಿರುಗಿ ಇನ್ನೊಂದು ಕಡೆ ನೋಡಿದ್ರೆ 1930ರ ದಶಕದ ಆರ್ಟ್ ಡೆಕೋ ಮನೆಗಳು, ದುಂಡು ಮೂಲೆ, ಹಡಗಿನ ತರದ ಬಾಲ್ಕನಿ, ತಿಳಿ ಬಣ್ಣ. ನಡುವೆ ಬರೀ ಒಂದು ಮೈದಾನ, ಅಂತರ ಐವತ್ತು ವರ್ಷ. ಆಗ ಸಮುದ್ರ ಈಗಿನದ್ದಕ್ಕಿಂತ ಎಷ್ಟೋ ಒಳಗಿತ್ತು, ಆ ಬಣ್ಣದ ಮನೆಗಳು ನಿಂತಿರೋದು ಸಮುದ್ರ ತುಂಬಿಸಿದ ಜಾಗದ ಮೇಲೆ. ಎರಡೂ ಸಾಲನ್ನ ಸೇರಿಸಿ 2018ರಲ್ಲಿ ಯುನೆಸ್ಕೋದವರು ಪಟ್ಟಿಗೆ ಹಾಕಿದ್ರು. ರಾಜಾಬಾಯಿ ಟವರು ಪ್ರೇಮ್‌ಚಂದ್ ರಾಯ್‌ಚಂದ್ ಅನ್ನೋ ಹತ್ತಿ ವ್ಯಾಪಾರಿ ತನ್ನ ತಾಯಿ ಹೆಸರಲ್ಲಿ ಕಟ್ಟಿಸಿದ್ದು, 1878ರಲ್ಲಿ ಮುಗೀತು. ಮೇಲೆ ಹತ್ತೋಕೆ ಬಿಡಲ್ಲ, ಕೆಳಗಿಂದಲೇ ನೋಡು.

ಈಗ ನೀನು ಕೇಳದೇ ಇದ್ದದ್ದು, ಆದ್ರೆ ಗೊತ್ತಿರಬೇಕಾದ್ದು. ಟಾಯ್ಲೆಟ್ಟು. ಚರ್ಚ್‌ಗೇಟ್ ಸ್ಟೇಷನ್ನಲ್ಲಿ ಇದೆ, ಕ್ಲೀನ್ ಅಂತ ನಾನು ಪ್ರಮಾಣ ಮಾಡಲ್ಲ. ಮ್ಯೂಸಿಯಮ್ಮಿಗೆ ಟಿಕೆಟ್ ತಗೊಂಡ್ರೆ ಅಲ್ಲಿಯದ್ದು ಪರವಾಗಿಲ್ಲ, ಇಲ್ಲಾಂದ್ರೆ ಫ್ಯಾಮಿಲಿ ರೂಮ್ ಇರೋ ಹೋಟೆಲ್ಲಲ್ಲಿ ಒಂದು ಚಹಾ ಹೇಳಿ ಕೂರೋದೇ ವಾಸಿ, ಇದು ನಮ್ಮ ಮನೆಯವಳು ಹೇಳಿದ ಟಿಪ್ಪು. ಸಂಜೆ ಮರೀನ್ ಡ್ರೈವ್ ಕಟ್ಟೆ ಮೇಲೆ ರಾತ್ರಿ ಹತ್ತರ ತನಕ ಸಂಸಾರಸ್ಥರೇ ತುಂಬಿರ್ತಾರೆ, ಭಯ ಇಲ್ಲ. ಫೋರ್ಟಿನ ಒಳ ಗಲ್ಲಿಗಳು ಮಾತ್ರ ಆಫೀಸು ಬಿಟ್ಟ ಮೇಲೆ ಎಂಟು ಗಂಟೆಗೆಲ್ಲ ಬಿಕೋ ಅನ್ನುತ್ತೆ, ಆ ಹೊತ್ತಿಗೆ ದೊಡ್ಡ ರಸ್ತೆಯಲ್ಲೇ ಇರು. ಇನ್ನು ಸಂಜೆ ಆರರ ಲೋಕಲ್ಲಿಗೆ ಬ್ಯಾಗ್ ಸಮೇತ ಹತ್ತೋ ಯೋಚನೆ ಇದ್ರೆ ಕೈಬಿಡು, ಲೇಡೀಸ್ ಡಬ್ಬಿಯಲ್ಲೂ ಕಾಲಿಡೋಕೆ ಆಗಲ್ಲ. ಇಂಟರ್‌ವ್ಯೂ ಚೆನ್ನಾಗಾಗ್ಲಿ.

ಪ್ರಶ್ನೆ: ಕಾಲಾ ಘೋಡಾ ಅಂತೀರಿ, ಹಿಂದಿನ ಸಲ ಹೋದಾಗ ಕುದುರೆ ಮೇಲೆ ಯಾರೂ ಇರ್ಲಿಲ್ಲ. ಸವಾರ ಎಲ್ಲಿ ಹೋದ?
– ಓದುಗರೊಬ್ಬರು, ಗದಗ

ಉತ್ತರ: ಪ್ರಾಣಿ ಸಂಗ್ರಹಾಲಯಕ್ಕೆ! ತಮಾಷೆ ಅಲ್ಲ. ಮೊದಲು ಅಲ್ಲಿದ್ದದ್ದು ಏಳನೇ ಎಡ್ವರ್ಡ್ ಕುದುರೆ ಏರಿದ ಕಪ್ಪು ಪ್ರತಿಮೆ, 1965ರಲ್ಲಿ ಅದನ್ನ ಕಿತ್ತು ಬೈಕಲಾದ ಜಿಜಾಮಾತಾ ಉದ್ಯಾನಕ್ಕೆ ಸಾಗಿಸಿದ್ರು, ಪ್ರಾಣಿಗಳ ಜೊತೆ ಈಗಲೂ ಅಲ್ಲೇ ಇದ್ದಾನೆ. ಜನ ಮಾತ್ರ ಇಲ್ಲದ ಕುದುರೆ ಹೆಸರನ್ನೇ ಐವತ್ತು ವರ್ಷ ಹೇಳ್ಕೊಂಡು ಬಂದ್ರು, 2017ರಲ್ಲಿ ಸವಾರನಿಲ್ಲದ ಹೊಸ ಕುದುರೆ ತಂದು ನಿಲ್ಲಿಸಿದ್ರು. ಹತ್ತಿರದ ಗಲ್ಲಿಯಲ್ಲೇ ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ ಇದೆ, 1884ರದ್ದು, ಅದನ್ನೂ ನೋಡಿ ಬನ್ನಿ.

ಪ್ರಶ್ನೆ: ನಮ್ಮ ತಂದೆ 1960ರ ದಶಕದಲ್ಲಿ ಫೋರ್ಟಿನ ಒಂದು ಹೋಟೆಲಲ್ಲಿ ಕೆಲಸ ಮಾಡ್ಕೊಂಡು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಈಗ 79 ವರ್ಷ, ಸ್ವಲ್ಪ ಮರೆವು. ಆ ಗಲ್ಲಿ ಒಮ್ಮೆ ನೋಡ್ಬೇಕು ಅಂತಾರೆ, ಹೆಸರು ಮಾತ್ರ ನೆನಪಿಲ್ಲ, "ವಿಟಿಯಿಂದ ಇಳಿದು ಎಡಕ್ಕೆ, ಜಿಪಿಓ ಗುಮ್ಮಟ ಕಾಣ್ತಿತ್ತು" ಅಂತಾರೆ. ಹುಡುಕಬಹುದಾ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಜಿಪಿಓ ಗುಮ್ಮಟ ಕಾಣ್ತಿತ್ತು ಅಂದ್ರೆ ಅದು ಬೋರಾ ಬಜಾರ್, ಮೋದಿ ಸ್ಟ್ರೀಟ್, ಬಜಾರ್‌ಗೇಟ್ ಕಡೆಯೇ ಇರ್ಬೇಕು, ವಿಟಿಯಿಂದ ಐದು ನಿಮಿಷ. ಕಿರಿದು ಗಲ್ಲಿಗಳು, ಕೆಳಗೆ ಸ್ಟೇಷನರಿ, ಪ್ರಿಂಟಿಂಗ್, ಲಾಡ್ಜು, ಮೇಲೆ ಮರದ ಬಾಲ್ಕನಿ. ಹೋಟೆಲ್ ಅದೇ ಹೆಸರಲ್ಲಿ ಇರುತ್ತೆ ಅನ್ನೋ ಆಸೆ ಇಟ್ಕೋಬೇಡಿ, ಆಗಿನ ಎಷ್ಟೋ ಉಡುಪಿ ಹೋಟೆಲು ಈಗ ಬಾರು, ಮೊಬೈಲ್ ಅಂಗಡಿ. ಆದ್ರೆ ಮೆಟ್ಟಿಲು, ಬಾಲ್ಕನಿ, ಗುಮ್ಮಟ ಕಾಣೋ ಕೋನ ಇವೆಲ್ಲ ಹೆಚ್ಚು ಬದಲಾಗಿಲ್ಲ, ತಂದೆಯವರ ಕಾಲು ದಾರಿ ಹಿಡಿದ್ರೂ ಹಿಡೀಬಹುದು. ಅವರನ್ನ ಮುಂದೆ ಬಿಟ್ಟು ನೀವು ಹಿಂದೆ ನಡೀರಿ, ಮ್ಯಾಪ್ ತೆಗೀಬೇಡಿ.

ನಮ್ಮ ಬ್ಯಾಂಕಲ್ಲೇ ನನ್ನ ಸೀನಿಯರ್ ಒಬ್ಬರಿದ್ರು, ಹನ್ನೆರಡನೇ ವಯಸ್ಸಿಗೆ ಬಂದು ಹೋಟೆಲಲ್ಲಿ ಗ್ಲಾಸು ತೊಳೀತಾ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ದಿನವಿಡೀ ನೀರಲ್ಲಿದ್ದ ಕೈ, ಬೆರಳ ಸಂದಿ ಬಿಳಿಚಿ ಮೆತ್ತಗಾಗಿ ಪೆನ್ನು ನಿಲ್ತಾನೇ ಇರ್ಲಿಲ್ಲವಂತೆ, ಅದಕ್ಕೆ ಮೇಷ್ಟ್ರು ಮೊದಲು ಐದು ನಿಮಿಷ ಕೈ ಒರೆಸ್ಕೊಂಡು ಸುಮ್ನೆ ಕೂತ್ಕೊಳ್ಳಿ ಅಂತಿದ್ರಂತೆ, ಆ ಐದು ನಿಮಿಷದಲ್ಲಿ ಅರ್ಧ ಕ್ಲಾಸು ನಿದ್ದೆ ಹೋಗ್ತಿತ್ತಂತೆ. ಮಲಗೋದು ಹೋಟೆಲ್ ಟೇಬಲ್ ಮೇಲೆ, ಬೆಳಿಗ್ಗೆ ಐದಕ್ಕೆ ಮತ್ತೆ ಒಲೆ ಮುಂದೆ. ನಿಮ್ಮ ತಂದೆಯವರೂ ಇಂಥದ್ದೇ ಏನಾದ್ರೂ ಹೇಳ್ತಾರೆ, ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಫೋಟೋ ಆಮೇಲೆ ತೆಗೆದ್ರಾಯ್ತು.

ಹೋಗೋದಾದ್ರೆ ವಾರದ ದಿನ, ಮಧ್ಯಾಹ್ನ ಮೂರೂವರೆ ಹೊತ್ತಿಗೆ ಹೋಗಿ. ಊಟದ ಗದ್ದಲ ಮುಗಿದಿರುತ್ತೆ, ತಿಂಡಿ ಗದ್ದಲ ಶುರುವಾಗಿರಲ್ಲ. ಆ ಕಡೆ ಉಳಿದಿರೋ ಯಾವ್ದಾದ್ರೂ ಹಳೇ ಹೋಟೆಲ್ಲಿಗೆ ಹೋಗಿ ಗಲ್ಲಾದಲ್ಲಿ ಕೂತವರ ಹತ್ರ ತುಳುವಲ್ಲಿ ಮಾತು ತೆಗೀರಿ. ಸೇಠ್ರು ಬ್ಯುಸಿ ಇದ್ರೂ ಒಳಗಿಂದ ಯಾರಾದ್ರೂ ಹಳಬರನ್ನ ಕರೀತಾರೆ, ಅವರು ಇನ್ನೊಬ್ಬರ ಹೆಸರು ಹೇಳ್ತಾರೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇಲ್ಲಾಂದ್ರೆ ಒಂದು ಶೀರಾ, ಒಂದು ಕಟಿಂಗ್ ಚಾ (ಅರ್ಧ ಗ್ಲಾಸು) ಹೇಳಿ. ಬಿಲ್ಲು ತಗೊಳ್ಳಲ್ಲ ಅಂತ ಅವರು ಹಠ ಮಾಡ್ತಾರೆ, ನೀವೂ ಹಠ ಮಾಡಿ.

ಪ್ರಶ್ನೆ: ಹೆಸರುಗಳದ್ದೇ ಕಾಟ. ನಿಮ್ಮ ಅಂಕಣದಲ್ಲಿ ಒಂದು, ಬೋರ್ಡಲ್ಲಿ ಇನ್ನೊಂದು. ಯಾವುದು ಹೇಳಿದ್ರೆ ಜನ ದಾರಿ ತೋರಿಸ್ತಾರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೋರ್ಡು, ಟಿಕೆಟ್ಟು, ರೈಲ್ವೆ ಆ್ಯಪಲ್ಲಿ ಸಿಎಸ್‌ಎಂಟಿ, ಬಾಯಲ್ಲಿ ವಿಟಿ. ಬೋರ್ಡಲ್ಲಿ ಹುತಾತ್ಮ ಚೌಕ್, ಟ್ಯಾಕ್ಸಿಯವನಿಗೆ ಫೌಂಟನ್, ಬರೀ ಫೌಂಟನ್ ಅಂದ್ರೂ ಸಾಕು, ಫ್ಲೋರಾ ಬೇಡ. ಹೊಸ ಅಂಡರ್‌ಗ್ರೌಂಡ್ ಮೆಟ್ರೋ ಸ್ಟೇಷನ್ನಿಗೂ ಹುತಾತ್ಮ ಚೌಕ್ ಅಂತಲೇ ಹೆಸರು, ಅಲ್ಲಿ ಫೌಂಟನ್ ಅಂತ ಹುಡುಕಿದ್ರೆ ಸಿಗಲ್ಲ. ಮ್ಯೂಸಿಯಮ್ಮಿಗೆ ಉದ್ದದ ಹೊಸ ಹೆಸರಿದೆ, ಬರೀ 'ಮ್ಯೂಸಿಯಮ್' ಅನ್ನಿ. ಇನ್ನು ಯಾರಾದ್ರೂ 'ಯಹಾ ಸೇ ಸೀಧಾ' ಅಂದ್ರೆ ಎಷ್ಟು ದೂರ ಅಂತ ಎರಡನೇ ಸಲ ಕೇಳಿ, ಈ ಊರಲ್ಲಿ ಎಲ್ಲದಕ್ಕೂ ಉತ್ತರ 'ಪಾಂಚ್ ಮಿನಿಟ್'.